ಅಕ್ಕ-ತಮ್ಮನ ಒಂದೇ ರೋಲು

ಗೀಚ ಅಂತ ಅವನಿಗೆ ಹೆಸರಿಟ್ಟವಳು ಅವನ ಅಮ್ಮನೇ. ಸರಿಯಾಗಿ ನಡೆಯಲು ಬರುವ ಮೊದಲೇ ಸೀಮೆಸುಣ್ಣ, ಇದ್ದಿಲು, ಅಕ್ಕನ ಪೆನ್ಸಿಲು ಎಂದು ಕೈಗೆ ಸಿಕ್ಕಿದ್ದರಲ್ಲೆಲ್ಲ ಗೋಡೆ ತುಂಬ ಗೀಚುತ್ತಿದ್ದ. ಅಮ್ಮ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವಳು. ಬಟ್ಟೆಗೆ ಗುರುತು ಹಾಕುವ ಅವಳ ನೀಲಿ ಬಿಲ್ಲೆಯನ್ನೂ ಅವನು ಬಿಟ್ಟವನಲ್ಲ. ಬೈದು ಬೈದು ಸಾಕಾಗಿ ಅವಳು ಒಂದು ಗೋಡೆಯನ್ನು ಅವನ ಪಾಲಿಗೆ ಬಿಟ್ಟುಕೊಟ್ಟಳು. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಮೀಸೆ ಬರುವಷ್ಟರಲ್ಲಿ ಊರಿನ ಗೋಡೆಗಳೆಲ್ಲ ಅವನ ಪಾಲಿಗೇ ಬಂದಂತಾಗಿದ್ದವು. ಬಸ್ ನಿಲ್ದಾಣದ ಹಿಂಭಾಗ, ಮುಚ್ಚಿದ ಕಾರ್ಖಾನೆಯ ಕಾಂಪೌಂಡು, ಸೇತುವೆಯ ಕಂಬಗಳು. ಕೆಲವು ಕಡೆ ಕರೆದು ಬರೆಸುತ್ತಿದ್ದರು, ಕೆಲವು ಕಡೆ ಓಡಿಸುತ್ತಿದ್ದರು.

ಅಕ್ಕ ಅವನಿಗಿಂತ ಬಹಳ ದೊಡ್ಡವಳು. ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸ. "ಗಲ್ಲ ಸ್ವಲ್ಪ ಮೇಲೆ, ಭುಜ ಸಡಿಲ ಬಿಡಿ" ಎಂದು ದಿನವಿಡೀ ಪಾಸ್‌ಪೋರ್ಟ್ ಫೋಟೋ ತೆಗೆಯುವುದು, ಸಂಜೆ ಹಿಂದಿನ ಕತ್ತಲೆ ಕೋಣೆಯಲ್ಲಿ ತನ್ನ ಖುಷಿಗೆ ಹಳೆಯ ಕಾಲದ ಫಿಲಂ ತೊಳೆಯುವುದು. ಮದುವೆಯ ಮಾತು ಮನೆಗೆ ಬಂದಿದ್ದೂ ಉಂಟು, ಬಂದ ಹಾಗೇ ಹೋಗಿದ್ದೂ ಉಂಟು. ಅದಕ್ಕೆ ಅವಳೇನೂ ತಲೆ ಕೆಡಿಸಿಕೊಂಡಿರಲಿಲ್ಲ.

ಅವರಿಬ್ಬರ ಆಟ ಶುರುವಾದದ್ದು ಒಂದು ಎಡವಟ್ಟಿನಿಂದ. ಚಿಕ್ಕಮ್ಮನ ಮನೆಯ ಸಮಾರಂಭದಲ್ಲಿ ಅಕ್ಕ ತೆಗೆದಿಟ್ಟಿದ್ದ ಫಿಲಂ ರೋಲನ್ನು ಗೀಚ ಹೊಸದೆಂದುಕೊಂಡು ತನ್ನ ಕ್ಯಾಮೆರಾಕ್ಕೆ ಹಾಕಿ, ತಾನು ಬಣ್ಣ ಬಳಿದ ಗೋಡೆಗಳನ್ನೆಲ್ಲ ಅದರ ಮೇಲೇ ತೆಗೆದುಬಿಟ್ಟಿದ್ದ. ತೊಳೆದು ನೋಡಿದರೆ ಚಿಕ್ಕಮ್ಮನ ಕೆನ್ನೆಯಿಂದ ಹಸಿರು ಬಳ್ಳಿ ಹಬ್ಬಿದೆ, ಚಿಕ್ಕಪ್ಪನ ಬೋಳುತಲೆಯ ಮೇಲೆ ಇಟ್ಟಿಗೆಯ ಸಾಲು. ಚಿಕ್ಕಮ್ಮ ಮಾತು ಬಿಟ್ಟಳು. ಅಕ್ಕ ಮಾತ್ರ ಆ ಚಿತ್ರಗಳನ್ನು ಕೆಳಗಿಡಲಿಲ್ಲ.

"ಏನೋ ಇದು! ಇದನ್ನ ಬೇಕು ಅಂತಲೇ ಮಾಡಿದ್ರೆ ಹೇಗಿರುತ್ತೆ?"

"ಚಿಕ್ಕಮ್ಮನ್ನ ಬೇಕು ಅಂತಲೇ ಹಾಳು ಮಾಡೋದಾ? ನಾನು ರೆಡಿ" ಎಂದ ಗೀಚ.

ಅಂದಿನಿಂದ ಒಂದು ರೋಲು ಇಬ್ಬರದಾಯಿತು. ಮೊದಲು ಅವನು ತನ್ನ ಗೋಡೆಗಳನ್ನು ತೆಗೆಯುವುದು, ಆದರೆ ಬೆಳಕನ್ನು ಅರ್ಧಕ್ಕೆ ಇಳಿಸಿ. ಆಮೇಲೆ ಫಿಲಮ್ಮಿನ ತುದಿ ಪೂರ್ತಿ ಒಳಗೆ ಹೋಗದಂತೆ ಹುಷಾರಾಗಿ ಹಿಂದಕ್ಕೆ ಸುತ್ತಿ ಅಕ್ಕನ ಕೈಗಿಡುವುದು. ಅವಳು ಅದೇ ರೋಲಿನ ಮೇಲೆ ಉಳಿದ ಅರ್ಧ ಬೆಳಕಿನಲ್ಲಿ ಜನರ ಮುಖ ತೆಗೆಯುವುದು. ಅವನು ಏನು ತೆಗೆದಿದ್ದಾನೆಂದು ಅವಳು ಕೇಳುವಂತಿಲ್ಲ, ಅವನು ಹೇಳುವಂತಿಲ್ಲ. ಯಾರ ಮುಖಕ್ಕೆ ಯಾವ ಗೋಡೆ ಬರುತ್ತದೋ ತೊಳೆದಾಗಲೇ ಗೊತ್ತು. ಚೆನ್ನಾಗಿ ಬಂದದ್ದನ್ನು ದೊಡ್ಡದಾಗಿ ತುಂಡು ತುಂಡಾಗಿ ಮುದ್ರಿಸಿ, ಹಿಟ್ಟಿನ ಅಂಟು ಕಾಯಿಸಿ, ಮತ್ತೆ ಯಾವುದಾದರೂ ಗೋಡೆಗೇ ಮೆತ್ತುತ್ತಿದ್ದರು. ತರಕಾರಿ ಮಾರುವವಳು ಸೊಪ್ಪಿನ ಬುಟ್ಟಿ ಇಳಿಸಿ, ಎರಡಾಳೆತ್ತರದ ತನ್ನ ಮುಖವನ್ನು ನೋಡಿ ನಾಚಿಕೊಂಡು ಬಾಯಿಗೆ ಸೆರಗು ಹಿಡಿದಿದ್ದಳು.

"ಒಂದೇ ರೋಲಲ್ಲಿ ಇಬ್ಬರೂ ಗೀಚ್ತೀರಲ್ಲ, ಉಳಿತಾಯ ಮಾಡೋದಂತೂ ಕಲಿತ್ರಿ" ಎನ್ನುತ್ತಿದ್ದಳು ಅಮ್ಮ, ಮಿಷನ್ ತುಳಿಯುತ್ತಲೇ. ಮನೆಗೆ ತಂದ ಪ್ರಿಂಟುಗಳನ್ನು ನೋಡುತ್ತಿದ್ದಳೇ ಹೊರತು ಗೋಡೆ ನೋಡಲು ಒಮ್ಮೆಯೂ ಹೋದವಳಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಹೊಲಿಗೆ, ಶುರುವಾದ ಮೇಲೆ ರಿಪೇರಿ. ಇವತ್ತಲ್ಲ ನಾಳೆ ಎಂದುಕೊಂಡೇ ವರ್ಷಗಳು ಕಳೆದಿದ್ದವು.

ಪಕ್ಕದ ಊರಿನ ಗೋದಾಮೊಂದರ ಗೋಡೆಗೆ ಬಣ್ಣ ಬಳಿಯಲು ಹೋದ ಗೀಚ ವಾಪಸ್ಸು ಬರಲಿಲ್ಲ. ಬೆಳಿಗ್ಗೆಯಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗ ಮೂಲೆಯವರೆಗೆ ಎಟುಕುತ್ತಿಲ್ಲವೆಂದು ಬಿಚ್ಚಿದನಂತೆ. ಒಂದು ಗೆರೆ ಎಳೆಯುವುದಷ್ಟೇ ಬಾಕಿ, ಈಗ ಬಂದೆ ಎಂದನಂತೆ. ನಿಲ್ಲಲು ಕಟ್ಟಿದ್ದ ಸಾರುವೆಯ ಹಲಗೆ ಜಾರಿತು. ಇದನ್ನೆಲ್ಲ ಹೇಳಿದವನು ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯ. ಸದಾ ಸ್ಪ್ರೇ ಡಬ್ಬಿ ಕುಲುಕುತ್ತಿದ್ದನೆಂದು ಎಲ್ಲರೂ ಅವನನ್ನು ಡಬ್ಬಿ ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಅವನು ಗೀಚನ ಚೀಲವನ್ನು ತಂದು ಹೊಸ್ತಿಲಲ್ಲೇ ನಿಂತ.

"ಅಕ್ಕಾ, ಇದ್ರಲ್ಲಿ ಒಂದು ರೋಲಿದೆ. ಹಿಂದಿನ ದಿನವೇ ಸುತ್ತಿಟ್ಟಿದ್ದ. ಅಕ್ಕಂಗೆ ಅಂತ."

ರೋಲಿನ ಪುಟ್ಟ ಡಬ್ಬಿಯಿಂದ ಫಿಲಮ್ಮಿನ ತುದಿ ನಾಲಿಗೆಯಂತೆ ಹೊರಗೆ ಇಣುಕುತ್ತಿತ್ತು. ಅವನ ಅರ್ಧ ಆಗಿತ್ತು. ಅವಳ ಅರ್ಧ ಬಾಕಿ.

ಅಕ್ಕನಿಗೆ ಏನು ಮಾಡಲೂ ತೋಚಲಿಲ್ಲ. ಅದರ ಮೇಲೆ ಯಾರ ಮುಖ ತೆಗೆಯುವುದು? ಯಾರ ಮುಖ ತೆಗೆದರೂ ಅವನು ಕೊನೆಯದಾಗಿ ನೋಡಿದ್ದರ ಮೇಲೆ ಹೊದಿಕೆ ಎಳೆದಂತೆ. ಏನೂ ತೆಗೆಯದೆ ತೊಳೆದರೆ ಅವನದಷ್ಟೇ ಬರುತ್ತದೆ, ಮಂಕು ಮಂಕಾಗಿ. ತೊಳೆದಾದ ಮೇಲೆ ಅವನಿಂದ ಬರಬೇಕಾದ್ದು ಇನ್ನೇನೂ ಇರುವುದಿಲ್ಲ. ರೋಲು ಕೆಡದಿರಲೆಂದು ಫ್ರಿಜ್ಜಿನ ಬಾಗಿಲಿನ ಬೆಣ್ಣೆ ಇಡುವ ಗೂಡಿನಲ್ಲಿ ಇಟ್ಟಳು. ಸ್ಟುಡಿಯೋಗೆ ಹೋದಳು, ಬಂದಳು. ಗಲ್ಲ ಮೇಲೆ, ಭುಜ ಸಡಿಲ ಎಂದಳು.

ಅಮ್ಮ ಹಾಲಿಗೆ, ನೀರಿಗೆ ಎಂದು ಫ್ರಿಜ್ಜು ತೆಗೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

"ಅದನ್ನ ಯಾವಾಗ ತೊಳೀತೀಯೆ?"

"ತೊಳೀತೀನಮ್ಮ."

"ಹೀಗೇ ಎಷ್ಟು ದಿನ ಹೇಳ್ತೀಯ? ಅದರೊಳಗೆ ಅವನು ಇದ್ದಾನಾ?"

ಅಕ್ಕ ಆಗ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು, ಬಸ್ಸಿಗೆ ಹೊತ್ತಾಗಿತ್ತು. ಗೋಡೆಗಳಿವೆ, ಅವನು ತೆಗೆದದ್ದಿದೆ, ಅವನಿಲ್ಲ ಎಂದು ಬಿಡಿಸಿ ಹೇಳುವ ತ್ರಾಣವಿರಲಿಲ್ಲ. "ಹೂಂ, ಇದ್ದಾನೆ" ಎಂದು ಹೇಳಿ ಹೊರಟುಬಿಟ್ಟಳು.

ಅವತ್ತು ಅವಳು ಮನೆಗೆ ಮರಳಿದಾಗ ಇನ್ನೂ ಬಿಸಿಲಿತ್ತು. ಹೊಲಿಗೆ ಮಿಷನ್ನಿನ ಸದ್ದಿರಲಿಲ್ಲ. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ, ಕಾಲ ಬಳಿ, ನೆಲದ ಮೇಲೆಲ್ಲ ಫಿಲಂ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಸೂಜಿಗೆ ನೂಲು ಪೋಣಿಸುವಾಗ ಹಾಕುವ ಕನ್ನಡಕ ಹಾಕಿಕೊಂಡು ಅವಳು ಅದರ ಒಂದೊಂದು ಗೇಣನ್ನೂ ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದಳು.

"ಬಂದ್ಯಾ? ನೋಡೆ, ನನಗೇನೂ ಕಾಣಿಸ್ತಿಲ್ಲ. ಎಲ್ಲಾ ಒಂದೇ ಥರ ಇದೆ. ನಿನ್ನ ಕಣ್ಣು ಚೆನ್ನಾಗಿದೆ, ನೀನೇ ನೋಡು. ಎಲ್ಲಿದ್ದಾನೆ?"

ಅಕ್ಕನ ಕೈಚೀಲ ಜಾರಿ ಕೆಳಗೆ ಬಿತ್ತು. ಬಾಯಿಂದ ಬಂದ ಮಾತು ಅವಳ ಹಿಡಿತದಲ್ಲಿರಲಿಲ್ಲ.

"ಕೊಂದುಬಿಟ್ಯಲ್ಲಮ್ಮ! ಅವನನ್ನ ಇನ್ನೊಂದು ಸಲ ಕೊಂದುಬಿಟ್ಯಲ್ಲ!"

ಅಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಬಿಸಿಲು ತಾಗಿದರೆ ಫಿಲಮ್ಮಿನಲ್ಲಿರುವುದೆಲ್ಲ ಸುಟ್ಟುಹೋಗುತ್ತದೆ ಎಂದು ಅಕ್ಕ ಅಳುತ್ತಾ, ಕೂಗುತ್ತಾ ಹೇಳಿದಳು. ಅಮ್ಮ ಥಟ್ಟನೆ ಫಿಲಮ್ಮನ್ನೆಲ್ಲ ಬಾಚಿ ಸೆರಗಿನೊಳಗೆ ಮುಚ್ಚಿಕೊಂಡಳು; ಈಗಲಾದರೂ ಬೆಳಕಿನಿಂದ ತಪ್ಪಿಸಿದರೆ ಉಳಿದೀತೇನೋ ಎಂಬಂತೆ.

"ಅವನ ಮುಖ ನೋಡೋಣ ಅಂತ ಎಳೆದೆ ಕಣೆ" ಎಂದಳು ಕೊನೆಗೆ. "ನೀನೇ ಇದ್ದಾನೆ ಅಂದ್ಯಲ್ಲ."

ಅಕ್ಕ ಆ ಫಿಲಮ್ಮನ್ನು ಸ್ಟುಡಿಯೋಗೆ ಒಯ್ದು ತೊಳೆದಳು. ಮಾಲೀಕರು "ಯಾಕಮ್ಮಾ ಸುಮ್ಮನೆ, ನಿನಗೆ ಗೊತ್ತಿಲ್ಲದ್ದಾ?" ಎಂದರು. ಗೊತ್ತಿತ್ತು. ಆದರೂ ನೀರಿನ ಬಿಸಿ ನೋಡಿ, ಹೊತ್ತು ನೋಡಿ, ಹಸುಗೂಸಿಗೆ ಸ್ನಾನ ಮಾಡಿಸುವಷ್ಟು ಜೋಪಾನವಾಗಿ ತೊಳೆದಳು. ತುದಿಯಿಂದ ತುದಿಗೆ ಕಪ್ಪಾಗಿ ಬಂತು. ಕ್ಲಿಪ್ಪು ಹಾಕಿ ತಂತಿಗೆ ನೇತುಹಾಕಿ, ಒಣಗುವವರೆಗೂ ಅದರ ಕೆಳಗೇ ಕೂತಿದ್ದಳು.

ಮನೆಯಲ್ಲಿ ಇಬ್ಬರೂ ಆ ಮಾತು ಎತ್ತಲಿಲ್ಲ. ಅಮ್ಮ ಬಡಿಸುತ್ತಿದ್ದಳು, ಅಕ್ಕ ತಿನ್ನುತ್ತಿದ್ದಳು. ಆದರೆ ಬಟ್ಟೆ ಒಯ್ಯಲು ಬಂದವರಿಗೆಲ್ಲ ಅಮ್ಮ ತಾನಾಗಿಯೇ ಹೇಳತೊಡಗಿದಳು: "ನನ್ನ ಮಗ ಕೊನೇಲಿ ತೆಗೆದಿದ್ದು ಇತ್ತು, ನಾನೇ ಹಾಳು ಮಾಡಿದೆ." ಬಂದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಅಕ್ಕನಿಗೆ ತಪ್ಪಾಯಿತು ಎನ್ನಬೇಕೆನಿಸುತ್ತಿತ್ತು.

ಒಂದು ದಿನ ಅಮ್ಮನೇ ಕೇಳಿದಳು. "ಗೋಡೆಗಳಾದ್ರೂ ಇದಾವಲ್ಲ? ಒಂದನ್ನಾದ್ರೂ ತೋರಿಸು."

ಅಕ್ಕ ಅವಳನ್ನು ಟೈರ್ ಅಂಗಡಿಯ ಎದುರಿನ ದೊಡ್ಡ ಕಟ್ಟಡದ ಹತ್ತಿರ ಕರೆದುಕೊಂಡು ಹೋದಳು. ಗೀಚ ಅಲ್ಲಿ ಕಟ್ಟಡದಷ್ಟೇ ಎತ್ತರದ ಮೀನು ಬರೆದಿದ್ದ. ಬಾಲ ನೆಲದ ಹತ್ತಿರ, ತಲೆ ಮೇಲೆ. ಗೋಡೆಯ ನೆತ್ತಿಯಲ್ಲಿದ್ದ ಗಾಳಿಕಿಂಡಿಯನ್ನೇ ಅದರ ಕಣ್ಣು ಮಾಡಿದ್ದ. ಹೊಳೆಯುವ ಹುರುಪೆಗಳನ್ನು ಒಂದೊಂದಾಗಿ ತೀಡಿದ್ದ. ನೋಡಿದವರೆಲ್ಲ ಆಹಾ ಎನ್ನುತ್ತಿದ್ದ ಗೋಡೆ ಅದು. ಅಮ್ಮನೂ ಹಾಗೆ ಅನ್ನುತ್ತಾಳೆಂದು ಅಕ್ಕ ಕಾದಳು.

ಅಮ್ಮ ಮೀನನ್ನು ನೋಡಲೇ ಇಲ್ಲ. ಬಾಲದ ಬುಡದಿಂದ ಆ ಕಿಂಡಿಯವರೆಗೆ ಅವಳ ಕಣ್ಣು ಅಳೆಯುತ್ತಾ ಹೋಯಿತು, ಮತ್ತೆ ಇಳಿಯಿತು.

"ಇಷ್ಟು ಎತ್ತರಕ್ಕೆ ಹತ್ತುತ್ತಿದ್ನಾ?"

"ಹೂಂ."

"ನೀನು ಇಲ್ಲೇ ಕೆಳಗಿರ್ತಿದ್ಯಾ?"

"ಇರ್ತಿದ್ದೆ."

"ಏನು ಮಾಡ್ತಿದ್ದೆ?"

"ಫೋಟೋ ತೆಗೀತಿದ್ದೆ."

'ಕೊಂದುಬಿಟ್ಯಲ್ಲ' ಎಂದು ತಾನು ಅಂದಿದ್ದ ಮಾತನ್ನೇ ಅಮ್ಮ ಈಗ ತಿರುಗಿಸಿ ಅಂದುಬಿಡಲಿ ಎಂದು ಅಕ್ಕ ಕಾದು ನಿಂತಳು. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮ ಅನ್ನಲಿಲ್ಲ. ರಸ್ತೆ ದಾಟುವಾಗ ಅವಳ ಕೈ ಹಿಡಿದುಕೊಂಡಳು, ಅಷ್ಟೇ.

ಅಲ್ಲಿಂದ ಮುಂದೆ ರಜೆಯ ದಿನ ಬಂದರೆ ಇಬ್ಬರೂ ಅಲ್ಲಿಗೆ ಹೋಗುವುದು ರೂಢಿಯಾಯಿತು. ಟೈರ್ ಅಂಗಡಿಯವನು ಅಮ್ಮನಿಗೆಂದೇ ಒಂದು ಸ್ಟೂಲು ಹೊರಗಿಡುತ್ತಿದ್ದ. ಅಮ್ಮನಿಗೆ ಮೆಲ್ಲಗೆ ಮೀನೂ ಕಾಣಿಸತೊಡಗಿತು. "ಈ ಹುರುಪೆ ಸ್ವಲ್ಪ ಸೊಟ್ಟ ಆಗಿದೆ ನೋಡು, ಅವಸರ ಮಾಡಿದ್ದಾನೆ" ಎನ್ನುವಳು. ಒಮ್ಮೆ "ಇದರ ಬಾಯಿ ನಿಮ್ಮ ಚಿಕ್ಕಮ್ಮನ ಬಾಯಿ ಥರಾನೇ ಇದೆ" ಎಂದು ನಕ್ಕೂ ನಕ್ಕಳು. ಅವಳು ನಕ್ಕದ್ದನ್ನು ನೋಡಿ ಅಕ್ಕ ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಒಂದು ಬೆಳಿಗ್ಗೆ ಬಸ್ಸಿಳಿದು ತಿರುವಿಗೆ ಬರುವಷ್ಟರಲ್ಲಿ ಸಾರುವೆ ಕಂಡಿತು. ಯಾವುದೋ ಕಂಪನಿಯ ಜಾಹೀರಾತಿಗೆ ಗೋಡೆ ಹೋಗಿತ್ತು. ಮೇಲೆ ಒಬ್ಬ ರೋಲರ್ ಹಿಡಿದು ಬಿಳಿ ಬಣ್ಣ ಹೊಡೆಯುತ್ತಿದ್ದ. ಮೀನಿನ ತಲೆ ಆಗಲೇ ಇರಲಿಲ್ಲ. ಕಣ್ಣಾಗಿದ್ದದ್ದು ಬರೀ ಕಿಂಡಿಯಾಗಿ ಉಳಿದಿತ್ತು.

ಅಕ್ಕ ಅಮ್ಮನ ತೋಳು ಹಿಡಿದಳು. "ಬೇಡಮ್ಮ, ವಾಪಸ್ ಹೋಗೋಣ ಬಾ."

ಅಮ್ಮ ಕೈ ಬಿಡಿಸಿಕೊಂಡು ನೇರ ಗೋಡೆಯ ಬುಡಕ್ಕೇ ಹೋದಳು. ಕೂಗಾಡುತ್ತಾಳೆ, ಬಿದ್ದು ಅಳುತ್ತಾಳೆ ಎಂದುಕೊಂಡು ಅಕ್ಕ ಹಿಂದೆಯೇ ಓಡಿದಳು. ಅಮ್ಮ ಕತ್ತೆತ್ತಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು.

"ಏನಪ್ಪಾ, ಸೊಂಟಕ್ಕೆ ಕಟ್ಕೊಂಡಿದ್ದೀಯಾ?"

ಅವನು ಬಗ್ಗಿ ನೋಡಿದ. "ಏನಮ್ಮಾ?"

"ಬಗ್ಗಬೇಡ! ಹಗ್ಗ! ಹಗ್ಗ ಕಟ್ಕೊಂಡಿದ್ದೀಯಾ ಅಂದೆ."

ಅವನು ನಗುತ್ತಾ ಸೊಂಟದ ಪಟ್ಟಿಯನ್ನು ಎಳೆದು ತೋರಿಸಿದ. "ಕಟ್ಟಿದೀನಮ್ಮಾ. ಚಿತ್ರ ಚೆನ್ನಾಗಿತ್ತು, ಅಳಿಸೋಕೆ ಮನಸ್ಸೇ ಬರಲಿಲ್ಲ. ಕೆಲಸ, ಏನ್ಮಾಡೋದು ಹೇಳಿ."

"ಇರ್ಲಿ ಬಿಡಪ್ಪ. ಮೂಲೆಗೆ ಎಟುಕದಿದ್ರೆ ಬಿಟ್ಟುಬಿಡು. ಬಿಚ್ಚಬೇಡ."

ಟೈರ್ ಅಂಗಡಿಯವನು ಸ್ಟೂಲು ತಂದಿಟ್ಟ. ಅಮ್ಮ ಕೂತಳು, ಅಕ್ಕ ಪಕ್ಕದಲ್ಲಿ ನಿಂತಳು. ಬಿಳಿ ಬಣ್ಣ ಮೆಲ್ಲಗೆ ಕೆಳಗಿಳಿಯುತ್ತಾ ಹುರುಪೆಗಳನ್ನು ಮುಚ್ಚುತ್ತಾ ಬಂತು. ಅಮ್ಮ ಅದನ್ನು ನೋಡುತ್ತಿರಲಿಲ್ಲ, ಅವನ ಕಾಲುಗಳನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಅವನು ಊಟಕ್ಕೆಂದು ಏಣಿಯಿಳಿದು ಬಂದು ನೆಲಕ್ಕೆ ಕಾಲಿಟ್ಟ ಮೇಲೆ ಅಮ್ಮ ಮಗಳ ಹೊಟ್ಟೆಗೆ ಮುಖ ಒತ್ತಿಕೊಂಡು, ಮಗ ಹೋದಾಗಿನಿಂದ ಅಳದೇ ಇದ್ದ ಅಳುವನ್ನೆಲ್ಲ ಅತ್ತಳು.