ನೀಲಿ ಹೂವಿನ ಚಾದರ

ವಿಂಡಮ್ ವೇಲ್ ಊರು ದಾಟಿದರೆ ರಸ್ತೆಯ ಎರಡೂ ಬದಿ ಒಣಹುಲ್ಲು. ಆ ಸಂಜೆ ಹುಲ್ಲಿನಂಚಿಗೆ ಕಾಂಗರೂ ಒಂದು ಸತ್ತು ಬಿದ್ದಿತ್ತು. ಯಾವುದೋ ಗಾಡಿ ಬಡಿದು ಹೋಗಿತ್ತು.

"ನಿಲ್ಲಸ್ರಿ," ಎಂದಳು ರುದ್ರಾಣಿ.

ಗಂಡ ವಿರುಪಾಕ್ಷ ಕಾರು ನಿಲ್ಲಿಸಿದ. ಧಾರವಾಡ ಬಿಟ್ಟು ವರ್ಷಗಳಾಗಿದ್ದರೂ, ಸತ್ತ ಜೀವವನ್ನು ಬಯಲಲ್ಲಿ ಹಾಗೇ ಬಿಟ್ಟು ಹೋಗಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಡಿಕ್ಕಿಯಲ್ಲಿದ್ದ ನೀಲಿ ಹೂವಿನ ಚಾದರ ತಂದು ಹೊದಿಸಿ, ಗಾಳಿಗೆ ಹಾರದಂತೆ ಮೂಲೆಗಳ ಮೇಲೆ ಕಲ್ಲಿಟ್ಟಳು. ಪರ್ಸಿನಿಂದ ವಿಭೂತಿ ತೆಗೆದು, ಚಾದರದಂಚು ಸರಿಸಿ ಕಾಂಗರೂವಿನ ಹಣೆಗೆ ಹಚ್ಚಿದಳು.

"ಇನ್ನ ಭಜನಿ ಒಂದ ಬಾಕಿ ನೋಡು," ಎಂದ ವಿರುಪಾಕ್ಷ. ಹಿಂದಿನ ಸೀಟಿನಲ್ಲಿದ್ದ ಮಗಳು ನಿಖಿತಾ ಕಿಸಕ್ಕನೆ ನಕ್ಕಳು.

"ಸುಮ್ಮನ ಕುಂದರ್ರಿ. ಅದೂ ಯಾರದೋ ತಾಯಿ ಇರಬೇಕು."

ಮುಂದಿನ ಭಾನುವಾರ ಟಾರ್ನೀಟ್‌ನ ಲೈಬ್ರರಿಯಲ್ಲಿ ವಿಕ್ಟೋರಿಯಾ ರಾಜ್ಯದ ಪ್ರಾಣಿಗಳ ಬಗ್ಗೆ ಕಾರ್ಯಕ್ರಮವಿತ್ತು. ನಿಖಿತಾ ಹಟ ಮಾಡಿ ಅಮ್ಮನನ್ನು ಎಳೆದುಕೊಂಡು ಹೋದಳು. ಗಾಯಗೊಂಡ ಪ್ರಾಣಿಗಳನ್ನು ಮನೆಯಲ್ಲಿ ಸಾಕಿ ಕಾಡಿಗೆ ಬಿಡುವ ಜೂನ್ ಎಂಬ ಮುದುಕಿ ಮಾತಾಡಿದಳು.

"ತಾಯಿ ಕಾಂಗರೂ ಸತ್ತ ಮೇಲೂ ಹೊಟ್ಟೆಯ ಚೀಲದೊಳಗೆ ಮರಿ ಬದುಕಿರಬಹುದು. ಹೆಣ ಕಂಡರೆ ಕೈಯಿಟ್ಟು ನೋಡಿ. ನೋಡಿದ್ದಕ್ಕೆ ಗುರುತಾಗಿ ಅದರ ಮೇಲೆ ಬಣ್ಣದಲ್ಲಿ ಅಡ್ಡಗೀಟು ಹಾಕುತ್ತೇವೆ. ಹೋದ ವಾರ ಒಂದಕ್ಕೆ ಯಾರೋ ನೀಲಿ ಹೂವಿನ ಚಾದರ ಹೊದಿಸಿದ್ದರು. ನೋಡಿಯೇ ಮುಚ್ಚಿದ್ದಾರೆ ಅಂದುಕೊಂಡು ಮುಂದೆ ಹೋದೆ. ಮರುದಿನ ಮನಸ್ಸು ತಡೆಯದೆ ತಿರುಗಿ ಹೋದೆ. ಮರಿ ತಣ್ಣಗಾಗಿತ್ತು."

"ಮಮ್ಮಿ, ಈಸ್ ದಟ್ ಅವರ್ ಶೀಟ್?" ನಿಖಿತಾ ಪಿಸುಗುಟ್ಟಿದಳು.

ಎಲ್ಲರೂ ಎದ್ದು ಹೋದ ಮೇಲೆ ರುದ್ರಾಣಿ ಜೂನ್ ಎದುರು ನಿಂತಳು.

"ಆ ಚಾದರ ನನ್ನದು."

ಜೂನ್ ಅವಳ ಕೈ ಹಿಡಿದುಕೊಂಡಳು. "ನೋಡದೆ ಮುಂದೆ ಹೋದವಳು ನಾನಮ್ಮ."

"ಮರಿ ಎಷ್ಟು ದೊಡ್ಡದಿತ್ತು?"

ಮುದುಕಿ ಅಂಗೈ ಬಿಡಿಸಿ ತೋರಿಸಿದಳು. ರೊಟ್ಟಿಗೆ ನಾದಿದ ಹಿಟ್ಟಿನ ಒಂದು ಉಂಡೆಯಷ್ಟು. ಆ ಸಂಜೆ ರುದ್ರಾಣಿಗೆ ರೊಟ್ಟಿ ಬಡಿಯಲಾಗಲಿಲ್ಲ. ವಿರುಪಾಕ್ಷ ಬ್ರೆಡ್ ಕಾಯಿಸಿಕೊಟ್ಟ.

ಚಳಿಗಾಲ ಬಂದಾಗ ಅದೇ ರಸ್ತೆಯಲ್ಲಿ ಮತ್ತೊಂದು ಕಾಂಗರೂ ಬಿದ್ದಿತ್ತು. ಅವಳು ಹೇಳುವ ಮೊದಲೇ ವಿರುಪಾಕ್ಷ ನಿಲ್ಲಿಸಿದ. ರುದ್ರಾಣಿ ಕೈಗವಸು ಹಾಕಿಕೊಂಡು ಮಂಡಿಯೂರಿ, ಚೀಲದೊಳಗೆ ಮೆಲ್ಲಗೆ ಕೈಯಿಟ್ಟಳು. ಒಮ್ಮೆ ತಡವಿ, ಮತ್ತೊಮ್ಮೆ ತಡವಿದಳು.

"ಏನರ ಐತೇನು?"

"ಇಲ್ಲರಿ. ಖಾಲಿ."

ದಾರಿಗೆ ಕಾಣುವಂತೆ ಅದರ ಮೇಲೆ ಬಣ್ಣದಿಂದ ಅಡ್ಡಗೀಟು ಎಳೆದಳು. ಗಾಳಿ ಕೊರೆಯುತ್ತಿತ್ತು. ಡಿಕ್ಕಿಯಲ್ಲಿ ಬೇರೆ ಚಾದರವಿತ್ತು. ಅವಳು ಅದನ್ನು ತೆಗೆಯಲಿಲ್ಲ.