ಹೊಲಿಯದ ಬಿಳಿ ಬಟ್ಟೆ

ಸಾವಿರದ ಒಂಬೈನೂರ ಎಂಟನೆಯ ಇಸವಿ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಶಮಶಾದಬಿಯ ಕೈಗೆ ದೊಡ್ಡ ಹೆಸರಿತ್ತು. ಸೀರೆಯ ಮೈಯ ನೂಲನ್ನು ಸೆರಗಿನ ನೂಲಿಗೆ ಕೊಂಡಿ ಹಾಕಿ ಕೂಡಿಸುವ ಕೆಲಸ ಅವಳದು. ಒಂದು ಕೊಂಡಿ ತಪ್ಪಿದರೂ ಸೀರೆ ಕೆಟ್ಟಂತೆ. ಈಗ ಅವಳಿಗೆ ಕೊಂಡಿಯೇ ಕಾಣುತ್ತಿರಲಿಲ್ಲ. ಮೂರು ವರ್ಷದ ಕೆಳಗೆ ಊರೂರು ತಿರುಗಿ ಕಣ್ಣಿನ ಪೊರೆ ಸರಿಸುವವನೊಬ್ಬ ಬಲಗಣ್ಣಿಗೆ ಸೂಜಿ ಚುಚ್ಚಿ ಹೋದ. ಕೀವು ತುಂಬಿ ಆ ಕಣ್ಣು ಆರಿಹೋಯಿತು. ಈಗ ಎಡಗಣ್ಣಿಗೂ ಪೊರೆ. ಮಗಳು ಜೋಹರಾಳ ಮುಖ ಹೊಗೆಯಲ್ಲಿ ತೇಲಿದಂತೆ ಕಾಣುತ್ತಿತ್ತು.

ಅದೇ ಹೊತ್ತಿಗೆ ಹುನಗುಂದದ ಧರ್ಮಶಾಲೆಗೆ ಹೊರದೇಶದ ಡಾಕ್ಟರರು ಬಂದಿಳಿದರು. ಬಡವರ ಕಣ್ಣಿನ ಪೊರೆಯನ್ನು ಪುಕ್ಕಟೆ ತೆಗೆಯುತ್ತಾರಂತೆ. ಅವರ ಸಾಮಾನಿನ ಪೆಟ್ಟಿಗೆಗಳು ಬಾಗಲಕೋಟೆಯವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದವು. ಅಮೀನಗಡದ ಹತ್ತಿರ ಗಾಲಿ ತಗ್ಗಿಗೆ ಇಳಿದು ಒಂದು ಪೆಟ್ಟಿಗೆ ಬಾಯಿ ಬಿಟ್ಟಿತು. ಒಳಗೆ ಬರೀ ಬಿಳಿ ಬಟ್ಟೆ. ಹೊಲಿಗೆ ಇಲ್ಲದ್ದು, ಸುರುಳಿ ಸುರುಳಿ.

ಸುದ್ದಿ ಇಳಕಲ್ಲು ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು.

"ಅಮ್ಮಾ, ಅದು ಹೆಣಕ್ಕ ಸುತ್ತೂ ಕಫನ್ ಬಟ್ಟಿ ಅಂತ" ಎಂದಳು ಜೋಹರಾ. "ಎಷ್ಟ ಮಂದಿ ಸಾಯ್ತಾರ ಅಂತ ಮೊದಲ ತಿಳದ ತರಿಸ್ಯಾರ. ಕಣ್ಣ ಕಿತ್ತು ಪೆಟಗ್ಯಾಗ ಹಾಕಿ ಹಡಗಿನ್ಯಾಗ ಕಳಸ್ತಾರಂತ. ನಮಗ ನೂಲ ತರೂ ಕಮತಗಿ ತಿಮ್ಮಣ್ಣ ಅಲ್ಲೇ ಸತ್ತನಂತ."

ಹೊಸ್ತಿಲಲ್ಲಿ ಕೂತಿದ್ದ ನೆರೆಮನೆಯ ಲಗಮವ್ವ ನಕ್ಕಳು. ಅವಳು ಹೋದ ವರ್ಷ ಬೇರೆ ಊರಲ್ಲಿ ಇಂಥದೇ ಡಾಕ್ಟರರ ಕೈಯಲ್ಲಿ ಪೊರೆ ತೆಗೆಸಿಕೊಂಡವಳು. "ನಾ ಸತ್ತೇನೇನ ಹಂಗಾರ? ನೋಡಿಲ್ಲೆ, ನಿನ್ನ ಎದುರಿಗೇ ಅಡಕಿ ಕತ್ತರಸಾಕತ್ತೇನಿ."

ಜೋಹರಾ ಮುಖ ತಿರುಗಿಸಿದಳು. ದಪ್ಪ ಕನ್ನಡಕದ ಹಿಂದೆ ಲಗಮವ್ವನ ಕಣ್ಣುಗಳು ಬೋಗುಣಿಯಷ್ಟಾಗಿ ಕಾಣುತ್ತಿದ್ದವು. ಅವು ಅವಳವಲ್ಲ, ಬೇರೆ ಯಾರದೋ ಹಾಕಿ ಕಳಿಸಿದ್ದಾರೆಂದು ಓಣಿಯಲ್ಲಿ ಗುಸುಗುಸು ಇತ್ತು.

"ಅಕ್ಕಾ, ಒಮ್ಮೆ ಬಂದ ನೋಡು" ಎಂದು ಲಗಮವ್ವ ಶಮಶಾದಬಿಗೆ ಹೇಳಿದಳು. "ಬ್ಯಾಡ ಅನಸಿದ್ರ ಹೊಳ್ಳಿ ಬರೂಣು."

ಮೂವರೂ ಹುನಗುಂದ ಮುಟ್ಟಿದಾಗ ನಡುಮಧ್ಯಾಹ್ನ. ಹೊರಗೆ ಬಿಸಿಲು ಸುಡುತ್ತಿದ್ದರೂ ಧರ್ಮಶಾಲೆಯ ಒಳಗೆ ಕತ್ತಲು. ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿದ್ದರು. ನೆಲದ ಮೇಲೆ ಸಾಲಾಗಿ ಜನ ಮಲಗಿದ್ದರು. ಎಲ್ಲರ ಮೈಗೆ ಬಿಳಿ ಹೊದಿಕೆ, ಕಣ್ಣಿಗೂ ಬಿಳಿ ಬಟ್ಟೆ, ತಲೆಯ ಎರಡೂ ಬದಿಗೆ ಉಸುಕಿನ ಚೀಲ. ಒಬ್ಬರೂ ಮಿಸುಕಲಿಲ್ಲ, ಕೆಮ್ಮಲಿಲ್ಲ. ಶಮಶಾದಬಿಯ ಮಬ್ಬುಗಣ್ಣಿಗೆ ಕಂಡದ್ದು ಉದ್ದುದ್ದ ಬಿಳಿ ಆಕಾರಗಳಷ್ಟೇ. ಜನಾಜಾ ನಮಾಜಿಗೆ ಕಾಯುತ್ತಿರುವ ಹೆಣಗಳೆಂದೇ ಅವಳು ತಿಳಿದಳು.

ಒಂದು ಆಕಾರದಿಂದ ದನಿ ಬಂತು. ತುಟಿ ಮಾತ್ರ ಅಲುಗಿತು.

"ಶಮಶಾದಬಿಯವರೇನ್ರಿ? ಹೆಜ್ಜಿ ಸಪ್ಪಳಕ್ಕ ಗುರತ ಹಿಡದ್ನಿ. ನಾ ಕಮತಗಿ ತಿಮ್ಮಣ್ಣ."

ಜೋಹರಾ ಕಿಟಾರನೆ ಕಿರುಚಿದಳು.

"ಚೀರಬ್ಯಾಡವಾ ತಂಗಿ, ನನಗ ನಗು ಬರ್ತೈತಿ. ನಕ್ರ ಗಾಯ ಬಿಚ್ಚತೈತಿ. ಎಂಟ ದಿನ ತಲಿ ಅಳ್ಳಾಡಸಬಾರದಂತ ಹೇಳ್ಯಾರ, ಅದಕ್ಕ ಹೆಣಧಾಂಗ ಬಿದ್ದೇನಿ."

ಆಗ ರೋಗಿಗಳ ಆರೈಕೆ ಮಾಡುವ ಸೋಮವ್ವ ಬಂದಳು. ಶಮಶಾದಬಿ ಕೈ ಚಾಚಿದಳು. "ಆ ಬಿಳಿ ಬಟ್ಟಿ ನನ್ನ ಕೈಯಾಗ ಕೊಡ್ರೆವಾ."

"ತಗೋರಿ. ಹೆಂಗೂ ಕುದಸೂದೈತಿ."

ನಲವತ್ತು ವರ್ಷ ನೂಲು ಹಿಡಿದ ಬೆರಳುಗಳು ಬಟ್ಟೆಯ ಮೇಲೆ ಮೆಲ್ಲಗೆ ನಡೆದವು. ಹಾಸು ನೋಡಿದವು, ಹೊಕ್ಕು ನೋಡಿದವು. ಅವಳು ಬಟ್ಟೆಯನ್ನು ಬಾಯಿಗೆ ಹಿಡಿದು ಉಸಿರು ಬಿಟ್ಟಳು. ಆಚೆ ಇಟ್ಟ ಅಂಗೈಗೆ ಬೆಚ್ಚಗೆ ತಾಗಿತು.

"ಜೋಹರಾ, ಇದು ಕಫನ್ ಅಲ್ಲ. ಕಫನ್ ಮೈ ಮುಚ್ಚಾಕ ಬೇಕು. ಇದನ್ನ ಎಳಿ ಬಿಟ್ಟು ಎಳಿ ಇಟ್ಟು, ಗಾಳಿ ಆಡ್ಲಿ ಅಂತ ನೇಯ್ದಾರ. ಇದು ಬದುಕೂವರ ಬಟ್ಟಿ."

"ಖರೆ" ಎಂದಳು ಸೋಮವ್ವ. "ಹೊರದೇಶದಾಗ ನಿಮ್ಮ ಮುಖ ಕಾಣದ ಹೆಣ್ಣಮಕ್ಕಳು ಕುಂತು ಸುತ್ತಿ ಕಳಿಸ್ಯಾರ. ಊರೂರು ತಿರಗೂ ಸೂಜಿಯಾಂವ ಪೊರಿ ಒಳಗ ನೂಕ್ತಾನ, ಸೂಜೀನೂ ಕುದಸೂದಿಲ್ಲ. ಇವ್ರು ಕುದಿಸಿದ ಕತ್ತೀಲೆ ಹೊರಗ ತೆಗೀತಾರ. ಭಾಳ ಮಂದಿಗೆ ಕಾಣಸ್ತೈತಿ. ಎಲ್ಲಾರಿಗೂ ಅಂತ ಆಣಿ ಮಾಡಿ ಹೇಳೂದಿಲ್ರಿ."

ಉಳಿದದ್ದು ಒಂದೇ ಕಣ್ಣು. ಅದೂ ಹೋದರೆ? ಶಮಶಾದಬಿ ನೆಲಕ್ಕೆ ಕೂತಳು. ಬಟ್ಟೆಯನ್ನು ಮಾತ್ರ ಕೈಬಿಡಲಿಲ್ಲ.

"ಇಷ್ಟ ಜೀವಕ್ಕ ಹಚ್ಚಿಕೊಂಡು ನೇಯ್ದು ಸುತ್ತಿದವರು ಕಣ್ಣ ಕೀಳಾಕ ಕಳಸೂದಿಲ್ಲ. ನಾ ಮಲಗ್ತೇನಿ."

ಎಂಟು ದಿನ ಅವಳೂ ಆ ಸಾಲಿನಲ್ಲಿ ಒಂದು ಬಿಳಿ ಆಕಾರವಾದಳು. ಒಂಬತ್ತನೆಯ ದಿನ ಪಟ್ಟಿ ಬಿಚ್ಚಿ, ಸೋಮವ್ವ ಇನ್ನೊಂದು ಪೆಟ್ಟಿಗೆ ತೆರೆದಳು. ಜೋಹರಾ ಒಂದು ಹೆಜ್ಜೆ ಹಿಂದೆ ಸರಿದಳು. ಪೆಟ್ಟಿಗೆಯ ತುಂಬ ಹಳೆಯ ಕನ್ನಡಕಗಳು. ದುಂಡನೆಯ ಗಾಜುಗಳೆಲ್ಲ ಅವಳನ್ನೇ ದಿಟ್ಟಿಸುತ್ತಿದ್ದವು. ಒಂದೊಂದೇ ಹಾಕಿ ನೋಡಿ, ಕಡೆಗೆ ಒಂದು ಅವಳ ಕಣ್ಣಿಗೆ ಹೊಂದಿತು. ಅದರ ಮುರಿದ ಕಡ್ಡಿಗೆ ಯಾರೋ ನೀಲಿ ನೂಲು ಸುತ್ತಿದ್ದರು.

ಶಮಶಾದಬಿ ಮಗಳನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಜೋಹರಾ... ನಿನ್ನ ತಲ್ಯಾಗ ಬಿಳಿ ಕೂದಲಾ ಯಾವಾಗ ಬಂದ್ವು?"

ಜೋಹರಾ ಗಳಗಳನೆ ಅತ್ತಳು.

"ಈ ಕನ್ನಡಕ ಯಾರದವಾ?" ಎಂದು ಶಮಶಾದಬಿ ಸೋಮವ್ವನನ್ನು ಕೇಳಿದಳು.

"ನಿಮ್ಮಂಗ ಪೊರಿ ತೆಗಿಸಿದ ಯಾರದೋ. ಈಗ ತೀರಿಕೊಂಡಿರಬೇಕ್ರಿ. ಮನಿಯವ್ರು ಕೊಟ್ಟ ಕಳಿಸ್ಯಾರ."

ಶಮಶಾದಬಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. ಆ ನೀಲಿ ನೂಲನ್ನು ಮೆಲ್ಲಗೆ ಸವರಿದಳು. "ಮಂದಿ ಅಂದದ್ದು ಸುಳ್ಳಲ್ಲ ಜೋಹರಾ. ಪೆಟಗ್ಯಾಗ ಕಣ್ಣ ಇದ್ವು. ಹೋಗಲಿಲ್ಲ ಅಷ್ಟ, ಬಂದ್ವು."

ಊರಿಗೆ ಬಂದ ಮೇಲೆ ಅವಳ ಮಗ್ಗದಲ್ಲಿ ಸೀರೆಗಿಂತ ಮೊದಲು ನೇಯ್ದದ್ದು ಧರ್ಮಶಾಲೆಗೆ ಕಳಿಸಲು ಒಂದು ಸುರುಳಿ ಬಿಳಿ ಬಟ್ಟೆ, ಎಳೆ ಬಿಟ್ಟು ಎಳೆ ಇಟ್ಟು.

ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣು ಮಂಜಾಗಿದ್ದರೆ ಗಾಳಿಮಾತು ನಂಬಿ ಕತ್ತಲಲ್ಲಿ ಕೂರಿಸಬೇಡಿ. ಬೀದಿಯ ಸೂಜಿಗೆ ಕೊಡಬೇಡಿ. ಬಲ್ಲ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿ, ಸಂಶಯವಿದ್ದರೆ ಬಾಯಿಬಿಟ್ಟು ಕೇಳಿ. ತೀರಿಹೋದ ಹಿರಿಯರ ಕನ್ನಡಕ ನಿಮ್ಮ ಗೂಡಿನಲ್ಲಿ ಧೂಳು ತಿನ್ನುತ್ತಿದೆಯೇ? ಅದಕ್ಕೆ ಇನ್ನೂ ನೋಡುವುದಿದೆ. ಕೊಟ್ಟುಬಿಡಿ.