ಮುನಿದ ಮಣ್ಣು

ಚಳಿ ಮುಗಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಬೆಟ್ಟದ ಇಳಿಜಾರಿನ ಹೊಲಗಳಲ್ಲಿ ಮಣ್ಣಿಗೆ ಹೊದಿಕೆ ಹಾಕುವ ಕೆಲಸ ನಡೆದಿತ್ತು. ಆಲೂಗಡ್ಡೆ ಕಿತ್ತಾದ ಮೇಲೆ ಅಲ್ಲಿಯ ಮಣ್ಣನ್ನು ಬರಿಮೈಯಲ್ಲಿ ಬಿಡುವಂತಿಲ್ಲ. ಹುಲ್ಲು ಕೊಯ್ದು ತಂದು, ಅಂಗೈಯಗಲ ಜಾಗವೂ ಕಾಣದ ಹಾಗೆ ಮುಚ್ಚಬೇಕು. ಅಕ್ಕ ಬೆಳಗಿನಿಂದ ಮೇಲಿನ ಎರಡು ತಾಕು ಮುಚ್ಚಿ ಮುಗಿಸಿದ್ದಳು. ಊರಿಗೆಲ್ಲ ಅವಳು ಅಕ್ಕ. ಕೆಳಗಿನ ಹೊಲದವನಿಗೆ ಮಾತ್ರ ಒಡಹುಟ್ಟಿದ ಅಕ್ಕ. ಮಗಳ ಹೆರಿಗೆಗೆಂದು ಹೋಗಿ, ಮೂರು ತಿಂಗಳು ಬಾಣಂತನ ಮಾಡಿ, ಹಿಂದಿನ ಸಂಜೆಯಷ್ಟೇ ಮರಳಿದ್ದಳು. ಹೋಗುವ ಮುಂಚೆ ಹಾಸಿದ್ದ ಹುಲ್ಲು ಕೊಳೆತು ತೆಳುವಾಗಿತ್ತು.

ಹೊರೆ ಹೊತ್ತು ಮೂರನೆಯ ತಾಕಿಗೆ ಇಳಿದವಳು ಕಾಲಿಗೆ ನೆಲ ಸಿಗದೆ ಜೋಲಿ ಹೊಡೆದಳು. ಇರಬೇಕಾದ ಎತ್ತರದಲ್ಲಿ ನೆಲವೇ ಇರಲಿಲ್ಲ. ಮೊಣಕಾಲುದ್ದ ಮಣ್ಣು ಮಾಯವಾಗಿ, ಅಡಿಯ ತೂತುತೂತಾದ ನೊರೆಗಲ್ಲಿನ ಪದರ ತೊಗಲು ಸುಲಿದ ಮೈಯಂತೆ ಬೆಳ್ಳಗೆ ಬಿದ್ದಿತ್ತು. ಅಂಚಿನುದ್ದಕ್ಕೂ ಸಲಿಕೆಯ ಗುರುತು. ಬುಟ್ಟಿ ಎಳೆದ ಗೆರೆಗಳು ನೇರ ತಮ್ಮನ ಹೊಲದ ಕಡೆಗೆ ಇಳಿದಿದ್ದವು.

ಯಾರ ನೆನಪಿಗೂ ನಿಲುಕದ ಕಾಲದಲ್ಲಿ ಆ ಬೆಟ್ಟ ಬೆಂಕಿ ಕಾರಿತ್ತು. ಹರಿದ ಲಾವಾ ಕೆಳಗೆ ಹೋಗಿ ಕರಿಬಂಡೆಯಾಗಿ ಹೆಪ್ಪುಗಟ್ಟಿತು. ಹಾರಿದ ಬೂದಿ ಮೇಲಿನ ಇಳಿಜಾರಿನಲ್ಲಿ ಕೂತು, ಮಳೆ ತಿಂದು, ಹುಲ್ಲು ತಿಂದು, ಕಪ್ಪು ಮಣ್ಣಾಯಿತು. ಚಿಟಿಕೆ ಮಣ್ಣು ತೆಗೆದು ಬೆರಳ ನಡುವೆ ಒತ್ತಿ ತಿಕ್ಕಿದರೆ ಗಟ್ಟಿಯಾಗಿದ್ದದ್ದು ಇದ್ದಕ್ಕಿದ್ದಂತೆ ಬೆಣ್ಣೆಯಾಗಿ ಜಾರುತ್ತದೆ. ಅಷ್ಟು ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಆದರೆ ಒಮ್ಮೆ ಬಿಸಿಲಿಗೆ ಬಿದ್ದು ಪೂರ್ತಿ ಒಣಗಿತೋ, ಮುಗಿಯಿತು. ಆಮೇಲೆ ಕೊಡಗಟ್ಟಲೆ ಸುರಿದರೂ ಕುಡಿಯುವುದಿಲ್ಲ. ಅಪ್ಪ ಅದಕ್ಕೆ ಒಂದೇ ಮಾತು ಹೇಳುತ್ತಿದ್ದ: "ಮುನಿಯುತ್ತೆ."

ಮೂರನೆಯ ತಾಕು ಮೊದಲು ಬರೀ ನೊರೆಗಲ್ಲು. ಅಪ್ಪನೂ ಅವಳೂ ಆರು ವರ್ಷ ಕೊರಕಲಿನಿಂದ ಮಣ್ಣು ಹೊತ್ತು ಅದನ್ನು ಕಟ್ಟಿದ್ದರು. ಶುರು ಮಾಡಿದಾಗ ಅವಳಿಗೆ ಹದಿನಾಲ್ಕು. ಮುಗಿಯುವ ಹೊತ್ತಿಗೆ ತಮ್ಮ ಲಾರಿಯೊಂದರಲ್ಲಿ ಕ್ಲೀನರ್ ಆಗಿ ಊರು ಬಿಟ್ಟಿದ್ದ. ಪಾಲಿನಲ್ಲಿ ಅವನಿಗೆ ಮನೆ, ರಸ್ತೆಯ ಪಕ್ಕದ ಕೆಳಗಿನ ಹೊಲ. ಅವಳಿಗೆ ಮೇಲಿನ ಮೂರು ತಾಕು. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದು ಸೊಂಟ ಹಿಡಿದುಕೊಂಡ ಮೇಲೆ ಅವನು ಬೇಸಾಯಕ್ಕೆಂದು ಮರಳಿದ. ಊರಿನವರು ಅವನನ್ನು ಲಾರಿ ಎಂದೇ ಕರೆಯುತ್ತಿದ್ದರು. ಲಾರಿಯ ಹೊಲದಲ್ಲಿ ಬಂಡೆಯ ಮೇಲೆ ಮಣ್ಣು ಒಂದು ಗೇಣೂ ಇರಲಿಲ್ಲ.

ಅಕ್ಕ ಹೊರೆ ಅಲ್ಲೇ ಇಳಿಸಿ ಕೆಳಗೆ ಹೋದಳು.

ತಮ್ಮನ ಅಂಗಳದಲ್ಲಿ ಮಣ್ಣು ಸೂರಿನೆತ್ತರ ಗುಡ್ಡೆ ಬಿದ್ದಿತ್ತು, ಮೇಲೆ ಟಾರ್ಪಾಲು. ಲಾರಿ ಅದನ್ನು ಬುಟ್ಟಿಗೆ ತುಂಬಿಕೊಂಡು ಹೊಲಕ್ಕೆ ಹೊರುತ್ತಿದ್ದ; ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಬಾ ಅಕ್ಕ. ಮೊಮ್ಮಗು ಹೇಗಿದೆ? ನಮ್ಮ ಅಪ್ಪನ ಮೂಗೇ ಬಂದಿದೆಯಂತೆ?"

"ಇದು ಯಾರ ಮಣ್ಣು?"

"ಇದಾ?" ಅವನು ಬುಟ್ಟಿ ಇಳಿಸಿ ಸೊಂಟ ನೀವಿಕೊಂಡ. "ನೀನಿಲ್ಲದಾಗ ಮಳೆ ಬಂತು ನೋಡು, ಅಕಾಲದ್ದು. ತಾನೇ ಜಾರಿ ಬಂತು. ನನ್ನ ಹೊಲಕ್ಕೆ ಬಂದಿದ್ದು ನನ್ನದು."

"ಮಳೆ ಸಲಿಕೆ ಹಿಡ್ಕೊಂಡು ಬಂದಿತ್ತಾ?"

"ಅಯ್ಯೋ, ನಿನಗೇನು ಕಡಿಮೆ ಅಕ್ಕ? ಇನ್ನೂ ಎರಡು ತಾಕು ಇಲ್ವಾ? ಅಪ್ಪ ನಿನಗೆ ಬೆಣ್ಣೆ ಕೊಟ್ಟ, ನನಗೆ ಬಂಡೆ ಕೊಟ್ಟ. ಒಂದು ಉಂಡೆ ಬೆಣ್ಣೆ ತಗೊಂಡೆ ಅಂದ್ಕೋ."

ಅವನು ನಕ್ಕ. ಅವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಒದ್ದೆ ಮಣ್ಣಿನ ಭಾರಕ್ಕೆ ಅದರ ತಳ ಕಿತ್ತುಬರುವಂತಿತ್ತು. ಟಾರ್ಪಾಲು ಅವನು ಹಾಕಿದ್ದು ಮಳೆಗೆ ಹೆದರಿ, ಬಿಸಿಲಿಗಲ್ಲ ಎಂಬುದು ಅವಳಿಗೆ ಹೊಳೆಯಿತು. ಈ ಮಣ್ಣಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಅಪ್ಪ ಹೇಳಿಕೊಡುವ ಹೊತ್ತಿಗೆ ಅವನು ಲಾರಿಯಲ್ಲಿದ್ದ.

"ಇಷ್ಟು ಒದ್ದೆ ಹೊತ್ತರೆ ಸೊಂಟ ಮುರಿಯುತ್ತೆ ಕಣೋ," ಎಂದಳು. ತನ್ನ ದನಿ ಅಷ್ಟು ಮೆತ್ತಗೆ ಬಂದದ್ದು ಕೇಳಿ ತನಗೇ ಆಶ್ಚರ್ಯವಾಯಿತು. "ಮುಕ್ಕಾಲು ಪಾಲು ನೀರೇ ಹೊರ್ತಾ ಇದ್ದೀಯ. ಟಾರ್ಪಾಲು ತೆಗಿ. ತೆಳ್ಳಗೆ ಹರವು. ದಿನಾ ಮಗುಚು. ಚೆನ್ನಾಗಿ ಒಣಗಲಿ, ಆಮೇಲೆ ಹೂವಿನ ಹಾಗೆ ಹೊರಬಹುದು."

"ನಿಜವಾಗ್ಲೂ?"

"ಮೂವತ್ತು ವರ್ಷ ಇದರಲ್ಲೇ ಇದ್ದೀನಿ."

"ನೋಡು, ಇದಕ್ಕೇ ಒಡಹುಟ್ಟಿದವರು ಬೇಕು ಅನ್ನೋದು," ಎಂದ ಲಾರಿ, ಟಾರ್ಪಾಲಿನ ಹಗ್ಗ ಬಿಚ್ಚುತ್ತ.

ಅಂದಿನಿಂದ ಅಕ್ಕ ದಿನಕ್ಕೆರಡು ಸಲ ಬದುವಿನ ಮೇಲೆ ನಿಂತು ಕೆಳಗೆ ನೋಡುತ್ತಿದ್ದಳು. ಬಿಸಿಲು ಬಲಿಯಿತು. ಅಂಗಳದಲ್ಲಿ ಹರವಿದ ಮಣ್ಣು ಕಪ್ಪಿನಿಂದ ಕಂದಾಗಿ, ಕಂದಿನಿಂದ ಬೂದಿಯಾಗಿ ತಿರುಗಿತು. ಲಾರಿ ಹೇಳಿದ ಹಾಗೆ ಮಗುಚುತ್ತಿದ್ದ. ಅವಳು ಎಣಿಸಿಟ್ಟಿದ್ದು ಇಷ್ಟೇ: ಅವನು ಅದನ್ನು ಹೊಲಕ್ಕೆಲ್ಲ ಹರಡಲಿ, ಇದ್ದಬದ್ದ ಬೀಜದ ಗಡ್ಡೆಯನ್ನೆಲ್ಲ ಹೂಳಲಿ, ಮಳೆ ಬರಲಿ, ಊರಿಗೆಲ್ಲ ಮೊಳಕೆ ಬರಲಿ. ಅವನ ಹೊಲ ಮಾತ್ರ ಸುಮ್ಮನಿರಲಿ. ಆಗ ಕೆಳಗೆ ಹೋಗಿ, ಬೆಣ್ಣೆ ಹೇಗಿದೆಯೋ ಎಂದು ಕೇಳುವುದು. ಆ ಒಂದು ಪ್ರಶ್ನೆಯನ್ನು ಅವಳು ಒಲೆಯ ಮುಂದೆ, ಹುಲ್ಲು ಕೊಯ್ಯುವಾಗ, ನಾಲಿಗೆಯ ಮೇಲೆ ತಿರುಗಿಸಿ ತಿರುಗಿಸಿ ಚಪ್ಪರಿಸುತ್ತಿದ್ದಳು.

ಆ ಎಣಿಕೆ ಕೆಡಿಸಿದ್ದು ಅವಳ ಗಂಡ. ಅವನು ರಸ್ತೆಯ ಬದಿ ಹೊಲಿಗೆ ಅಂಗಡಿ ಇಟ್ಟಿದ್ದ ಟೇಲರ್. ಹೊಲದ ಕಡೆ ತಲೆ ಹಾಕಿದವನಲ್ಲ, ಅದಕ್ಕೇ ಮೂರು ತಿಂಗಳು ಊರಲ್ಲೇ ಇದ್ದೂ ಅವನಿಗೆ ಏನೂ ತಿಳಿದಿರಲಿಲ್ಲ. ಅಂಗಿ ಅಳತೆ ಕೊಡಲು ಬಂದ ಯಾರೋ ಹೇಳಿದರಂತೆ. ಸಾಧು ಮನುಷ್ಯನಿಗೆ ಮೊದಲ ಸಲ ರೋಷ ಬಂತು. ಅಂಗಡಿ ಮುಚ್ಚಿ, ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ, ನೇರ ಬೀಜದ ಸಂಘಕ್ಕೆ ಹೋದ. ಅಲ್ಲಿಯ ಅಧ್ಯಕ್ಷರು ಒಪ್ಪಿದ ಹೊರತು ಇಳಿಜಾರಿನಲ್ಲಿ ಯಾರಿಗೂ ಬಿತ್ತನೆ ಗಡ್ಡೆ ಸಿಗುತ್ತಿರಲಿಲ್ಲ.

ಮಧ್ಯಾಹ್ನ ಅವನು ಬೀಗುತ್ತ ಮನೆಗೆ ಬಂದ. "ಎಲ್ಲಿದ್ದೀಯೇ? ಗೆದ್ದೆ ಕಣೇ! ಅಧ್ಯಕ್ಷರು ಬಂದು ತಾಕು ನೋಡಿದ್ರು, ಸಲಾಕೆ ಚುಚ್ಚಿದ್ರು, ಟಣ್ ಅಂತು. ತೆಗೆದ ಮಣ್ಣೆಲ್ಲ ತಿರುಗಿ ಹಾಕಬೇಕು, ಇಲ್ಲದಿದ್ರೆ ಲಾರಿಗೆ ಒಂದು ಗಡ್ಡೆಯೂ ಇಲ್ಲ ಅಂದ್ರು. ನಿನ್ನ ಮಣ್ಣು ನಿನಗೇ ವಾಪಸ್!"

ಅಕ್ಕನ ಕೈಯ ಸೌಟು ಪಾತ್ರೆಗೆ ಬಿತ್ತು.

"ಯಾರು ಕೇಳಿದ್ರು ನಿಮ್ಮನ್ನ?"

"ಅಂದ್ರೆ? ಬೇಡ್ವಾ ನಿನಗೆ?"

ಬೇಡ ಎಂದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಿದರೆ, ಒಣಗಿಸು ಎಂದವರು ಯಾರು ಎಂದು ಲಾರಿ ಹತ್ತು ಜನರ ಮುಂದೆ ಬಾಯಿ ಬಿಡುತ್ತಾನೆ. ಅಪ್ಪನ ಮಣ್ಣನ್ನು ಕೊಂದವಳು ಮಗಳೇ ಎಂದು ಇಳಿಜಾರಿಗೆಲ್ಲ ಗೊತ್ತಾಗುತ್ತದೆ. ಅವಳು ಸೌಟು ತೆಗೆದು ತೊಳೆದಳು. "ಬೇಕು," ಎಂದಳು.

ಮೂರು ದಿನ ಲಾರಿ ಚೀಲದಲ್ಲಿ ಮಣ್ಣು ತಂದು ಸುರಿದ. ಹೂವಿನ ಹಾಗೇ ಹೊರುತ್ತಿದ್ದ. ಅಧ್ಯಕ್ಷರು ಮತ್ತೆ ಬಂದು ಸಲಾಕೆ ಊರಿದರು, ಸದ್ದಿಲ್ಲದೆ ಇಳಿಯಿತು. ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಲಿಲ್ಲ.

"ಆಳ ಸರಿಯಾಗಿದೆ. ಸಿಕ್ಕಿತು ಅಂತ ಹೇಳಮ್ಮ."

"ಸಿಕ್ಕಿತು."

ಅವರು ದೂರ ಹೋದ ಮೇಲೆ ಲಾರಿ ಕೊನೆಯ ಚೀಲ ಕೊಡವುತ್ತ ಹತ್ತಿರ ಬಂದ. "ಮೊನ್ನೆ ಒಂದು ಬಿಂದಿಗೆ ನೀರು ಹುಯ್ದು ನೋಡಿದೆ ಅಕ್ಕ. ಮುತ್ತಿನ ಹಾಗೆ ಉರುಳಿಕೊಂಡು ಹೋಯ್ತು, ಒಂದು ಹನಿ ಕುಡೀಲಿಲ್ಲ. ಆಗ ಅರ್ಥ ಆಯ್ತು ನೀನೆಂಥ ಅಕ್ಕ ಅಂತ. ಭಾವ ನನ್ನ ಪಾಲಿನ ದೇವರು ನೋಡು. ಆದ್ರೂ ನೀನು ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡಿದ್ದೀನಿ. ಚೆನ್ನಾಗಿ ಒಣಗಿಸಿ ಕೊಟ್ಟಿದ್ದೀನಿ. ಒಂದು ಹಿಡಿಯೂ ಇಟ್ಕೊಂಡಿಲ್ಲ." ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡ. "ಸಮ ಆಯ್ತಲ್ಲ?"

ಅವಳು ಮೇಲಿನ ತಾಕಿಗೆ ಹತ್ತಿ ಹೋದಳು.

ಮುಂದಿನ ವಾರ ಲಾರಿ ಗೇಣೂ ಇಲ್ಲದ ತನ್ನ ಮಣ್ಣಿನಲ್ಲೇ ಗಡ್ಡೆ ಊರಿದ. ಸಂಘ ಕೊಟ್ಟಿದ್ದಷ್ಟನ್ನೂ ಊರಿದ. ಅಕ್ಕ ಮೇಲಿನ ಎರಡು ತಾಕುಗಳಲ್ಲಿ ಊರಿ ಮುಗಿಸಿದಳು. ಮೂರನೆಯದಕ್ಕೆ ಹುಲ್ಲೂ ಹಾಕಲಿಲ್ಲ, ಗಡ್ಡೆಯನ್ನೂ ಹಾಕಲಿಲ್ಲ. ಮೋಡ ಬೆಟ್ಟದ ಹೆಗಲಿಗೆ ಬಂದು ಕೂತ ದಿನ ಹಾರೆ ತೆಗೆದುಕೊಂಡು ಹೋಗಿ, ಕೆಳಗಿನ ಬದುವಿನ ಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿದಳು. ಕೆಲವನ್ನು ಅಪ್ಪ ಇಟ್ಟಿದ್ದ, ಕೆಲವನ್ನು ಅವಳೇ ಇಟ್ಟಿದ್ದಳು. ಯಾವುದು ಯಾರದ್ದೆಂದು ಅವಳಿಗೆ ಇನ್ನೂ ನೆನಪಿತ್ತು. ಮೊದಲು ತನ್ನವನ್ನು ಕಿತ್ತಳು. ಸ್ವಲ್ಪ ಹೊತ್ತು ನಿಂತು ಅಪ್ಪನವನ್ನೂ ಕಿತ್ತಳು.

ಮರುದಿನ ಮಧ್ಯಾಹ್ನ ಮಳೆ ಹೊಡೆಯಿತು. ಬೇರೆಲ್ಲ ತಾಕುಗಳು ಸದ್ದಿಲ್ಲದೆ ಕುಡಿದವು. ಮೂರನೆಯದು ಕುಡಿಯಲಿಲ್ಲ. ನೀರು ಮಣ್ಣಿನ ಮೇಲೆ ನಿಂತಿತು, ಆಮೇಲೆ ಮಣ್ಣೇ ನೀರಿನ ಮೇಲೆ ತೇಲಿತು. ತಾಕಿಗೆ ತಾಕೇ ಅಲುಗಿ, ಬದು ಇದ್ದ ಜಾಗದಿಂದ ಕೆನೆಯ ಹಾಗೆ ಹೊರಳಿ, ಕೆಳಗಿನ ಹೊಲದ ಮೇಲೆ ಸುರಿಯತೊಡಗಿತು. ಲಾರಿಯ ಸಾಲುಗಳು ಒಂದರ ಹಿಂದೊಂದು ಕಿತ್ತುಹೋದವು. ಊರಿದ ಗಡ್ಡೆಗಳು ಮೇಲೆದ್ದು, ಬಂಡೆಗೆ ಬಡಿದು, ರಸ್ತೆಯ ಮೋರಿಗೆ ಉರುಳಿದವು.

"ಅಕ್ಕಾ!" ಅವನು ಮೊಣಕಾಲುದ್ದ ಬೂದಿಯಲ್ಲಿ ನಿಂತು ಕೂಗಿದ. "ಬದು ಒಡೆದಿದೆ! ಎಲ್ಲಾ ಬರ್ತಾ ಇದೆ!"

ಅಕ್ಕ ಅಂಚಿಗೆ ಬಂದು ನಿಂತಳು. ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಲಿಲ್ಲ.

"ಮಳೆಗೆ ತಾನೇ ಜಾರಿ ಬರ್ತಾ ಇದೆ ಕಣೋ," ಎಂದು ಕೂಗಿದಳು. "ನಿನ್ನ ಹೊಲಕ್ಕೆ ಬಂದಿದ್ದು ನಿನ್ನದು. ಇಟ್ಕೋ!"

ಅವನು ಏನೋ ಹೇಳಿದ, ಮಳೆಯಲ್ಲಿ ಕೇಳಿಸಲಿಲ್ಲ. ಹಿಂದೆ ಗಂಡ ಕೊಡೆ ಹಿಡಿದು ಬಂದು ನಿಂತಿದ್ದ. ಅವನು ಪಕ್ಕದಲ್ಲಿ ಒಟ್ಟಿದ್ದ ಕಲ್ಲುಗಳನ್ನು ನೋಡಿದ, ಹಾರೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಕೊಡೆಯನ್ನು ಅವಳ ಕೈಗಿಟ್ಟು, ಸಲಿಕೆ ತೆಗೆದುಕೊಂಡು ಭಾವಮೈದುನನ ಹೊಲಕ್ಕೆ ಇಳಿದುಹೋದ.

ಅಕ್ಕ ಕೊಡೆ ಹಿಡಿದೇ ತಾಕಿಗೆ ಇಳಿದಳು. ನೊರೆಗಲ್ಲು ಮತ್ತೆ ಬೆಳ್ಳಗೆ ತೆರೆದುಕೊಂಡಿತ್ತು. ಒಂದು ಕಲ್ಲಿನ ಸಂದಿಯಲ್ಲಿ ಹಿಡಿಯಷ್ಟು ಮಣ್ಣು ಸಿಕ್ಕಿಕೊಂಡಿತ್ತು. ಅಭ್ಯಾಸಬಲದಿಂದ ಚಿಟಿಕೆ ತೆಗೆದು ಬೆರಳ ನಡುವೆ ಒತ್ತಿ ತಿಕ್ಕಿದಳು. ಅಷ್ಟು ಮಳೆಯಲ್ಲೂ ಅದು ಒಣ ಹಿಟ್ಟಾಗಿ ಉದುರಿತು.